ಮಳೆಗಾಲದ ಓದು ಮತ್ತು ಗಡಿಸೀಮೆಯ ಚರಿತ್ರೆ

ಆಷಾಢ ಕಳೆದು ಶ್ರಾವಣ ಕಾಲಿಡುವ ಹೊತ್ತಿಗೆ ಮುಳ್ಳೂರಿನ ಜನರು ಆಕಾಶಕ್ಕಿಂತ ಹೆಚ್ಚಾಗಿ ನದಿಯನ್ನು ನೋಡುತ್ತಾರೆ. ಇಲ್ಲಿ ಬೀಳುವ ಮಳೆ ದೊಡ್ಡದೇನಲ್ಲ. ಕೊಡಗಿನಲ್ಲಿಯೂ ವಯನಾಡಿನಲ್ಲಿಯೂ ಸುರಿದ ಮಳೆಯು ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳನ್ನು ತುಂಬಿ, ತಿರುಮಕೂಡಲಿನಲ್ಲಿ ಒಂದಾಗಿ, ನಮ್ಮ ಗದ್ದೆಗಳ ಅಂಚಿಗೆ ಬಂದು ನಿಲ್ಲುತ್ತದೆ. 2018, 2019 ಹಾಗೂ 2024ರಲ್ಲಿ ಮುಳ್ಳೂರು, ದಾಸನಪುರ, ಹರಳೆ, ಹಳೇ ಅಣಗಳ್ಳಿ ಮುಂತಾದ ನದೀತೀರದ ಹಳ್ಳಿಗಳ ಸೀಮೆಗೆ ನೆರೆಯ ಬಿಸಿ ತಟ್ಟಿತು. ಅಂತಹ ದಿನಗಳಲ್ಲಿ ಶಾಲೆಗೆ ರಜೆ, ಹೊಲಕ್ಕೆ ಇಳಿಯುವಂತಿಲ್ಲ, ಹೊರಗೆ ಆಟವಿಲ್ಲ. ಮಕ್ಕಳ ಕೈಗೆ ಸಿಗುವುದು ಮೊಬೈಲು ಒಂದೇ. ಶಾಲೆಯ ಪುಸ್ತಕಗಳಾದರೋ ಕಪಾಟಿನಲ್ಲಿ ಬೀಗದೊಳಗೆ ಕುಳಿತಿರುತ್ತವೆ.

ಋತುವಿಗೊಂದು ಓದು ಎಂಬ ಪದ್ಧತಿ ಹೊಸದಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಬರೆದುಕೊಟ್ಟ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ, ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬನಿಗೂ ಗ್ರಂಥಾಲಯದಿಂದ ಒಂದೊಂದು ಪುಸ್ತಕ ಕೊಡಬೇಕು, ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕು ಎಂಬ ಕಟ್ಟಳೆಯಿದೆ. ಓದಿನ ವೇಳೆಯಲ್ಲಿ ಯಾರಾದರೂ ಸೋಮಾರಿಯಾಗಿ ಹರಟುತ್ತಿರುವರೇ ಎಂದು ನೋಡಿಬರಲು ಒಬ್ಬಿಬ್ಬರು ಹಿರಿಯರನ್ನು ನೇಮಿಸಬೇಕೆಂದೂ ಅಲ್ಲಿಯೇ ಹೇಳಿದೆ. ಸನ್ಯಾಸಿಗಳಿಗೇ ಇಂತಹ ಕಾವಲು ಬೇಕಾಗಿತ್ತೆಂದ ಮೇಲೆ ಏಳನೆಯ ತರಗತಿಯ ಹುಡುಗನನ್ನು ದೂರಿ ಫಲವೇನು? ಉಳುವವನಿಗೆ ಹದ ಇರುವಂತೆ ಓದುವವನಿಗೂ ಹದವಿರುತ್ತದೆ. ನಮ್ಮ ಸೀಮೆಯಲ್ಲಿ ಮನೆಯ ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ ಎದ್ದು ಹಣ್ಣಾಗಿ ಚಂದ್ರಿಕೆಗೆ ಏರುವವರೆಗಿನ ದಿನಗಳಲ್ಲಿ ಯಾವ ಮಗುವೂ ಪುಸ್ತಕ ಹಿಡಿಯಲಾರದು. ಮನೆಮಂದಿಗೆಲ್ಲ ಹಿಪ್ಪುನೇರಳೆ ಸೊಪ್ಪಿನದೇ ಧ್ಯಾನ. ಹೀಗಿರುವಾಗ ಮಳೆಯ ಬಿಡುವನ್ನು, ದಸರೆಯ ರಜೆಯನ್ನು, ಬೇಸಿಗೆಯ ಎರಡು ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಪುಸ್ತಕ ಹಂಚುವುದು ಜಾಣತನ.

ಆದರೆ ಕಪಾಟಿಗೆ ಬೀಗ ಏಕೆ? ಶಿಕ್ಷಕರನ್ನು ಕೇಳಿದರೆ ಅವರು ಹೇಳುವುದೂ ನ್ಯಾಯವಾಗಿಯೇ ಇದೆ. ದಾಸ್ತಾನು ಪುಸ್ತಕದಲ್ಲಿ ಬರೆದ ಪ್ರತಿಗಳು ತಪಾಸಣೆಯ ದಿನ ಎಣಿಕೆಗೆ ಸಿಗಬೇಕು. ಒಂದು ಕಡಿಮೆಯಾದರೂ ಉತ್ತರ ಕೊಡಬೇಕಾದವರು ಅವರೇ. ವರ್ಗಾವಣೆಯ ಹೊತ್ತಿನಲ್ಲಿ ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕು. ಕೊಟ್ಟ ಪುಸ್ತಕ ಹಿಂದಿರುಗಿ ಬಾರದಿದ್ದರೆ ಎಂಬ ಭಯದಲ್ಲಿ ಕೊಡದೆ ಇರುವುದೇ ಕ್ಷೇಮವಾಗಿಬಿಡುತ್ತದೆ. ಇದೂ ಹಳೆಯ ಕಾಯಿಲೆಯೇ. ಮಧ್ಯಯುಗದ ಯುರೋಪಿನಲ್ಲಿ ನಮ್ಮ ಧರ್ಮಸಭೆಯವರೇ ಪುಸ್ತಕಗಳನ್ನು ಸರಪಣಿಯಿಂದ ಮೇಜಿಗೆ ಬಿಗಿದಿಡುತ್ತಿದ್ದರು. ಇಂಗ್ಲೆಂಡಿನ ಹೆರಿಫರ್ಡ್ ಮಹಾದೇವಾಲಯದಲ್ಲಿ ಆ ಸರಪಣಿಗಳನ್ನು ಇಂದಿಗೂ ಕಾಣಬಹುದು. ಕೈಬರಹದ ಒಂದು ಪ್ರತಿಗೆ ತಿಂಗಳುಗಟ್ಟಲೆ ದುಡಿಮೆ ಬೇಕಾಗಿದ್ದ ಕಾಲದಲ್ಲಿ ಸರಪಣಿಗೆ ಅರ್ಥವಿತ್ತು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳ ಪೈಕಿ ಮೊದಲನೆಯದೇ, ಪುಸ್ತಕವಿರುವುದು ಬಳಸುವುದಕ್ಕೆಂಬುದು. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಗಳಿಗೆ ಹೊರಟಿತು. ನಮ್ಮ ಮುಂದೆ ಹರಿಯುವ ಕಾವೇರಿ ಕೊನೆಗೆ ತಲುಪುವ ಸೀಮೆಯದು. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಜನ್ಮದಿನವಾದ ಆಗಸ್ಟ್ 12 ಗ್ರಂಥಪಾಲಕರ ದಿನ. ಅದು ನಮ್ಮ ನೆರೆಯ ಹಂಗಾಮಿನಲ್ಲಿಯೇ ಬರುತ್ತದೆಂಬುದು ಕಾಕತಾಳೀಯವಿರಬಹುದು, ಆದರೆ ಕಪಾಟನ್ನು ತೆರೆಯಲು ಅದಕ್ಕಿಂತ ತಕ್ಕ ದಿನ ಬೇರೆ ಬೇಡ.

ಕಪಾಟನ್ನು ತೆರೆದೆವು ಎನ್ನೋಣ. ಒಳಗೆ ಏನಿರುತ್ತದೆ? ಅದೃಷ್ಟವಿದ್ದ ಶಾಲೆಯಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳಾಗಿ ಬಂದ ‘ಜ್ಞಾನ ಗಂಗೋತ್ರಿ’ ಇರುತ್ತದೆ. ಎಲ್. ಎಸ್. ಶೇಷಗಿರಿರಾವ್ ಅವರು ಸಂಪಾದಿಸಿದ ‘ಭಾರತ ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು ಒಂದು ಹಿಡಿಯಾದರೂ ಇರುತ್ತವೆ. ಒಟ್ಟು 510 ಪುಸ್ತಕಗಳ ಆ ಮಾಲೆಯಲ್ಲಿ ಒಂದನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಹರಿದ ಹೊದಿಕೆಯ ಹಳೆಯ ‘ಚಂದಮಾಮ’ಗಳು ಸಿಕ್ಕರೆ ಅವನ್ನು ಮೊದಲು ಓದಲು ಜಗಳವಾಗುತ್ತದೆ, ಆಗಲಿ. ಶಿವರಾಮ ಕಾರಂತರು 1936ರಲ್ಲಿ ಹೊರತಂದ ‘ಬಾಲಪ್ರಪಂಚ’ ಈಗ ಅಪರೂಪ. ಇಷ್ಟು ಸಾಮಗ್ರಿಯಿದ್ದರೆ ಒಂದು ಮಳೆಗಾಲಕ್ಕೆ ಧಾರಾಳವಾಯಿತು.

ಕೊರತೆ ಕಾಣುವುದು ಬೇರೆ ಕಡೆ. ಧರ್ಮೋಪದೇಶದ ತರಗತಿ ಮುಗಿದ ಮೇಲೆ ಎಂಟನೆಯ ತರಗತಿಯ ಹುಡುಗನೊಬ್ಬ ನಮ್ಮನ್ನು ಕೇಳಿದ: “ಫಾದರ್, ಚರಿತ್ರೆ ಪುಸ್ತಕದಲ್ಲಿ ಮೈಸೂರು ಇದೆ, ಶ್ರೀರಂಗಪಟ್ಟಣ ಇದೆ. ನಮ್ಮೂರ್ ಕಡೆ ಏನೂ ನಡೀಲೇ ಇಲ್ವಾ?” ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಮಾತ್ರ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ರಾಜ್ಯವನ್ನು ಹಂಚಿಕೊಂಡರಲ್ಲ, ಆಗ ಕೊಯಮತ್ತೂರು ಸೀಮೆಯೊಡನೆ ಕೊಳ್ಳೇಗಾಲವೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಹೊಳೆಯ ಆಚೆಯ ಮಳವಳ್ಳಿ, ಈಚೆ ಒಂದು ಹೊತ್ತಿನ ನಡಿಗೆಯ ದೂರದ ಯಳಂದೂರು, ಎರಡೂ ಮೈಸೂರಿನಲ್ಲಿ ಉಳಿದವು. ಅಂದಿನಿಂದ 1956ರ ನವೆಂಬರ್ 1ರವರೆಗೆ, ನೂರೈವತ್ತೇಳು ವರ್ಷ, ಕೊಳ್ಳೇಗಾಲ ತಾಲ್ಲೂಕು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ಒಂದು ಮೂಲೆಯಾಗಿತ್ತು. ಮನೆಯಲ್ಲಿ ಆಡುವ ಮಾತು ಕನ್ನಡ, ಬೀಗತನ ಮೈಸೂರಿನ ಹಳ್ಳಿಗಳೊಡನೆ, ಕಂದಾಯ ಮತ್ತು ಕಚೇರಿ ಮಾತ್ರ ಕೊಯಮತ್ತೂರಿನ ಕಡೆಗೆ.

ಇದರ ಪರಿಣಾಮವನ್ನು ಗ್ರಂಥಾಲಯದಲ್ಲಿ ನಿಂತು ನೋಡಿದರೆ ಸ್ಪಷ್ಟವಾಗುತ್ತದೆ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಗ್ಯಾಸೆಟಿಯರನ್ನು ಬರೆದರು, ಸಂಸ್ಥಾನದ ಮೂಲೆಮೂಲೆಯ ಶಾಸನಗಳನ್ನು ಕಲೆಹಾಕಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಅಚ್ಚುಹಾಕಿಸಿದರು. ಯಳಂದೂರಿನ ಕಲ್ಲುಗಳು ಅದರಲ್ಲಿ ಸೇರಿದವು. ಕೊಳ್ಳೇಗಾಲದ ಕಲ್ಲುಗಳು ಸೇರಲಿಲ್ಲ, ಏಕೆಂದರೆ ಅವು ಪರರಾಜ್ಯದಲ್ಲಿದ್ದವು. ಅತ್ತ 1887ರಲ್ಲಿ ನಿಕಲ್ಸನ್ ಎಂಬ ಅಧಿಕಾರಿ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ಬರೆದಾಗ ನಾವು ಅದರಲ್ಲಿದ್ದೆವು, ಆದರೆ ಇಂಗ್ಲಿಷಿನಲ್ಲಿ, ಜಿಲ್ಲೆಯ ಬಡಗಣ ತುದಿಯ ಗುಡ್ಡಗಾಡಾಗಿ. ಮೈಸೂರು ವಿಶ್ವವಿದ್ಯಾಲಯವು 1970ರ ದಶಕದಲ್ಲಿ ಶಾಸನ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ತರುವವರೆಗೆ ಕೊಳ್ಳೇಗಾಲದ ಕಲ್ಲುಗಳು ತಮ್ಮ ನೆರೆಯ ಯಳಂದೂರಿನ ಕಲ್ಲುಗಳೊಡನೆ ಒಂದೇ ಮಾಲೆಯಲ್ಲಿ ಕೂಡುವಂತಿರಲಿಲ್ಲ. ಆ ಹುಡುಗ ತನ್ನ ಊರನ್ನು ಪುಸ್ತಕದಲ್ಲಿ ಕಾಣದೆ ಹೋದದ್ದಕ್ಕೆ ಇಲ್ಲಿ ಏನೂ ನಡೆಯಲಿಲ್ಲವೆಂಬುದು ಕಾರಣವಲ್ಲ. ಬರೆದವರು ತಮ್ಮ ತಮ್ಮ ಗಡಿಯವರೆಗೆ ಬಂದು ಲೇಖನಿಯನ್ನು ಎತ್ತಿಬಿಟ್ಟರು.

ಕಾವೇರಿಯ ನೀರಿನ ವಿಚಾರವನ್ನೇ ತೆಗೆದುಕೊಳ್ಳಿ. ಮೈಸೂರಿಗೂ ಮದರಾಸಿಗೂ 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು ಒಪ್ಪಂದವಾಯಿತೆಂದು ಪ್ರತಿ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ. ಆ ಎರಡೂ ಕಾಗದಗಳಿಗೆ ರುಜು ಬಿದ್ದಾಗ ಮುಳ್ಳೂರು ಇದ್ದದ್ದು ಮದರಾಸಿನ ದಡದಲ್ಲಿ! ಇದನ್ನು ಹೇಳಿದರೆ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ನಕಾಶೆ ತೆಗೆದು ಬೆರಳಿಟ್ಟು ಹುಡುಕುತ್ತಾರೆ. ಹಾಗೆ ಹುಡುಕುವುದೇ ಚರಿತ್ರೆಯ ಮೊದಲ ಪಾಠ. 1924ರ ಜುಲೈ ತಿಂಗಳಲ್ಲಿ ಕಾವೇರಿಗೆ ಬಂದ ಮಹಾಪೂರವೂ ಅದೇ ವರ್ಷದ್ದು. ನೆರೆಯಿಂದ ರಜೆ ಸಿಕ್ಕ ಮಗುವಿಗೆ ಓದಿಸಲು ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ?

ಕಂಪನಿಗೆ ಈ ಸೀಮೆ ಸೇರಿದ ಮರುವರ್ಷವೇ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು, ಕೆನರಾ, ಮಲಬಾರುಗಳ ಸುತ್ತಾಟಕ್ಕೆ ಹೊರಟ. ಶಿವನಸಮುದ್ರವನ್ನು ಕಂಡು, ಹನೂರು, ಕೌದಳ್ಳಿಗಳ ದಾರಿಯಾಗಿ ಬೆಟ್ಟಗಳನ್ನು ದಾಟಿ ಕಾವೇರಿಪುರದ ಕಡೆಗೆ ಇಳಿದ. ಹೋದಲ್ಲೆಲ್ಲ ಮಣ್ಣು ಎಂತಹುದು, ಏನು ಬೆಳೆಯುತ್ತಾರೆ, ಕೂಲಿ ಎಷ್ಟು, ಯಾವ ಕಸುಬಿನವರಿದ್ದಾರೆ ಎಂದು ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅದು ಪ್ರಕಟವಾಯಿತು. ಅವನು ಬಂದದ್ದು ಲಾಭದ ಲೆಕ್ಕಕ್ಕೆ ಎಂಬುದನ್ನು ಮರೆಯಬೇಕಾಗಿಲ್ಲ. ಆದರೂ ಹನೂರಿನ ಪ್ರೌಢಶಾಲೆಯ ಮಗು ತನ್ನ ಊರಿನ ಹೆಸರನ್ನು ಅಷ್ಟು ಹಳೆಯ ಪುಟದಲ್ಲಿ ಕಂಡರೆ ಆಗುವ ಸಂತೋಷ ಬೇರೆಯೇ. ಇಂಗ್ಲಿಷ್ ಬಲ್ಲ ಶಿಕ್ಷಕರೊಬ್ಬರು ಆ ನಾಲ್ಕಾರು ಪುಟಗಳನ್ನು ಕನ್ನಡಿಸಿ, ಕೈಬರಹದಲ್ಲಿಯಾದರೂ ಸರಿ, ಕಪಾಟಿನಲ್ಲಿಟ್ಟರೆ ಅದು ಮಹದುಪಕಾರ.

ಅದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡುತ್ತಿದ್ದ ಇನ್ನೊಬ್ಬ ಲೇಖಕರು ನಮ್ಮ ಕುಟುಂಬಗಳಿಗೆ ಪರಿಚಿತರು. ಜನರಿಂದ ‘ದೊಡ್ಡಸ್ವಾಮಿಯವರು’ ಎಂದು ಕರೆಸಿಕೊಂಡ ಫ್ರೆಂಚ್ ಗುರು ಅಬ್ಬೆ ದುಬೋಯ್. 1792ರಲ್ಲಿ ಭಾರತಕ್ಕೆ ಹೊರಟುಬಂದ ಇವರು ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು, ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸವನ್ನು ಊರೂರಲ್ಲಿ ನಡೆಸಿದರು. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಮದರಾಸು ಸರ್ಕಾರ ಹಣ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಗುರುಗಳು ಬರೆದದ್ದೆಂಬ ಅಭಿಮಾನದಿಂದಷ್ಟೇ ಈ ಪುಸ್ತಕವನ್ನು ಓದಬಾರದು ಎಂಬುದು ನಮ್ಮ ಅಭಿಪ್ರಾಯ. ಅದರಲ್ಲಿ ಸೂಕ್ಷ್ಮವಾದ ನೋಟವೂ ಇದೆ, ಹೊರಗಿನಿಂದ ಬಂದವನ ಕಟುವಾದ ತೀರ್ಮಾನಗಳೂ ಇವೆ. ಅಷ್ಟೇ ಅಲ್ಲ, ಅದರ ಬಹುಭಾಗ ಪಾಂಡಿಚೇರಿಯಲ್ಲಿದ್ದ ಯೇಸುಸಭೆಯ ಗುರು ಕೂರ್ದೂ ಅವರ ಹಿಂದಿನ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಹೆಸರಾಂತ ಗ್ರಂಥದ ಬೆನ್ನಿನ ಮೇಲಿನ ಹೆಸರು ಎಂದೂ ಪೂರ್ಣ ಕಥೆಯಲ್ಲ. ಕೂರ್ದೂ ಅವರೂ ಸಾಮಾನ್ಯರಲ್ಲ. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್ ಭಾಷೆಗಳಿಗೂ ನಂಟಿದೆಯೆಂಬುದನ್ನು ವಿಲಿಯಂ ಜೋನ್ಸ್ 1786ರಲ್ಲಿ ಸಾರುವುದಕ್ಕೆ ಮೊದಲೇ ಅವರು ಗುರುತಿಸಿ ಬರೆದಿದ್ದರು.

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು. ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟನ್ನು ಎಲ್ಲರೂ ಬಲ್ಲರು, ಬಲ್ಲವರಾಗಿರುವುದು ಯೋಗ್ಯವೇ. ಅದಕ್ಕೂ ಮುನ್ನ 1855ರಲ್ಲಿ ಬೆಂಗಳೂರಿನ ಕಥೋಲಿಕ ಮಿಷನ್ ಮುದ್ರಣಾಲಯದಿಂದ ಕನ್ನಡ–ಲ್ಯಾಟಿನ್ ನಿಘಂಟು, 1861ರಲ್ಲಿ ಬಿಷಪ್ ಶಾರ್ಬೊನ್ನೋ ಅವರ ಲ್ಯಾಟಿನ್–ಕನ್ನಡ ನಿಘಂಟು ಹೊರಬಂದಿದ್ದವು. ಸೆಮಿನರಿಯಲ್ಲಿ ಅಲ್ಪಸ್ವಲ್ಪ ಲ್ಯಾಟಿನ್ ಕಲಿತ ನಮ್ಮಂಥವರಿಗೆ, ಒಂದೇ ಪುಟದಲ್ಲಿ ನೇಗಿಲಿಗೂ ನೊಗಕ್ಕೂ ಲ್ಯಾಟಿನ್ ಸಮಾನಪದ ಹುಡುಕಿದ ಆ ಹಿರಿಯರ ತಾಳ್ಮೆಯನ್ನು ನೆನೆದರೆ ಬೆರಗಾಗುತ್ತದೆ. ಇನ್ನೂ ಹಿಂದೆ, 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡದಲ್ಲಿ ವ್ಯಾಕರಣ, ನಿಘಂಟುಗಳನ್ನು ಸಿದ್ಧಪಡಿಸಿದ್ದರೆಂಬುದು ಮಿಷನ್ ಚರಿತ್ರೆಯ ಪ್ರಸಿದ್ಧ ಸಂಗತಿ.

ಈಗ ಕಾಲಮಾನದ ಕಡೆಗೆ ತಿರುಗೋಣ. ಮಳೆಗಾಲಕ್ಕೆ ನದಿಯ ಓದು ಸಹಜ. ಶಿವನಸಮುದ್ರದ ಹಳೆಯ ಕಲ್ಲುಸೇತುವೆಯಿಂದಲೇ ಆರಂಭಿಸಬಹುದು. 1830ರ ಆಸುಪಾಸಿನಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು, ಕಾಡು ಬೆಳೆದು ಹಾಳುಬಿದ್ದಿದ್ದ ಆ ದ್ವೀಪಕ್ಕೆ ಎರಡೂ ಕಡೆಯಿಂದ ಸೇತುವೆ ಕಟ್ಟಿಸಿದರು. ಅದಕ್ಕಾಗಿ ಅವರಿಗೆ ಸಿಕ್ಕ ಬಿರುದು ‘ಜನೋಪಕಾರ ಕಾಮಕರ್ತ’. ಎರಡು ರಾಜ್ಯಗಳಾಗಿ ಸೀಳಿಹೋದ ಒಂದೇ ಜನ ಕಾಲ್ನಡಿಗೆಯಲ್ಲಿ, ಗಾಡಿಯಲ್ಲಿ ದಾಟಿದ್ದು ಆ ಕಂಬಗಳ ಮೇಲೆ. 2018ರ ನೆರೆಯಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಸೇತುವೆ ಬಿದ್ದಾಗ ಚಿತ್ರ ತೆಗೆದುಕೊಂಡವರು ಬಹಳ, ಕಟ್ಟಿದವರು ಯಾರೆಂದು ಕೇಳಿದವರು ಕಡಿಮೆ. ಅದರ ಹತ್ತಿರದಲ್ಲಿಯೇ ಮೈಸೂರಿನ ದಡದಲ್ಲಿ 1902ರಲ್ಲಿ ಜಲವಿದ್ಯುದಾಗಾರ ಕೆಲಸ ಆರಂಭಿಸಿತು. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಇತ್ತ ಮದರಾಸಿನ ದಡದಲ್ಲಿ ಭರಚುಕ್ಕಿ ತನ್ನ ಪಾಡಿಗೆ ತಾನು ಧುಮುಕುತ್ತಿತ್ತು. ಆಗ ಮೈಸೂರಿನ ದಿವಾನರಾಗಿದ್ದವರು ಪಿ. ಎನ್. ಕೃಷ್ಣಮೂರ್ತಿ. ಅವರು ದಿವಾನ್ ಪೂರ್ಣಯ್ಯನವರ ವಂಶದವರು, ಯಳಂದೂರಿನ ಜಹಗೀರುದಾರರು. ಪೂರ್ಣಯ್ಯನವರಿಗೆ ಆ ಜಹಗೀರು ಸಂದದ್ದು 1807ರಲ್ಲಿ.

ನವೆಂಬರಿನಲ್ಲಿ ಎಲ್ಲ ಶಾಲೆಗಳಲ್ಲಿಯೂ ರಾಜ್ಯೋತ್ಸವದ ಭಾಷಣಗಳಾಗುತ್ತವೆ. ಬೆಂಗಳೂರಿನ ಮಗುವಿಗೆ 1956ರ ನವೆಂಬರ್ 1 ಒಂದು ಹಬ್ಬದ ದಿನ. ಕೊಳ್ಳೇಗಾಲದ ಮಗುವಿಗೆ ಅದು ತನ್ನ ಅಜ್ಜನ ಊರು ರಾಜ್ಯವನ್ನೇ ಬದಲಿಸಿದ ದಿನ. ಅಂದು ಕೊಳ್ಳೇಗಾಲ ಇತ್ತ ಬಂದಿತು, ಕನ್ನಡ ಮಾತನಾಡುವ ತಾಳವಾಡಿ ಅತ್ತಲೇ ಉಳಿಯಿತು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯರು ಇದ್ದರೆ ಕೇಳಿ ಬರೆದುಕೊಳ್ಳಿರೆಂದು ಮಕ್ಕಳಿಗೆ ಹೇಳಬೇಕು. ಅಚ್ಚಾದ ಯಾವ ಪುಸ್ತಕವೂ ಅದಕ್ಕೆ ಸಮವಲ್ಲ, ಮತ್ತು ಅದಕ್ಕೆ ಕಾಲಾವಕಾಶ ಹೆಚ್ಚು ಉಳಿದಿಲ್ಲ. ಆಮೇಲಿನ ಬದಲಾವಣೆಗಳು ನಮ್ಮ ಕಣ್ಣಮುಂದಿನವು: 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಅನಂತರ ಹನೂರು ಪ್ರತ್ಯೇಕ ತಾಲ್ಲೂಕಾಯಿತು.

ಸುಗ್ಗಿಯ ಕಾಲ ಬಂದಾಗ ಚಿಕ್ಕಲ್ಲೂರಿನ ಜಾತ್ರೆ. ಮಂಟೇಸ್ವಾಮಿ, ಸಿದ್ಧಪ್ಪಾಜಿ, ಮಲೆಯ ಮಾದೇಶ್ವರರ ಕಥೆಗಳನ್ನು ರಾತ್ರಿಯೆಲ್ಲ ಹಾಡುವ ನೀಲಗಾರರೂ ದೇವರಗುಡ್ಡರೂ ಇದೇ ಮಣ್ಣಿನವರು. ಇವರ ಮಹಾಕಾವ್ಯಗಳು ಪುಸ್ತಕವಾಗಿ ಈಗ ದೊರೆಯುತ್ತವೆ, ಪ್ರೌಢಶಾಲೆಯ ಕಪಾಟಿನಲ್ಲಿ ಇರತಕ್ಕವು. ಬರವಣಿಗೆ ನೆನಪಿನ ಶಕ್ತಿಯನ್ನು ಕುಂದಿಸುತ್ತದೆ ಎಂಬ ಆಕ್ಷೇಪವನ್ನು ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ಈಜಿಪ್ಟಿನ ದೊರೆಯೊಬ್ಬನ ಬಾಯಲ್ಲಿ ಹೇಳಿಸುತ್ತಾನೆ. ಸೆಮಿನರಿಯಲ್ಲಿ ಅದನ್ನು ಓದಿದಾಗ ಅದೊಂದು ಚಮತ್ಕಾರದ ವಾದವೆನಿಸಿತ್ತು. ಸಾವಿರಾರು ಸಾಲುಗಳನ್ನು ಕಂಠದಲ್ಲಿಟ್ಟುಕೊಂಡು ಹಾಡುವವರನ್ನು ಕೇಳಿದ ಮೇಲೆ ಆ ದೊರೆಯ ಮಾತಿನಲ್ಲಿ ಹುರುಳಿದೆಯೆನಿಸುತ್ತದೆ. ಆದರೆ ಹಾಡುವವರ ಮಕ್ಕಳು ಪಟ್ಟಣಕ್ಕೆ ದುಡಿಯಲು ಹೋದ ಮೇಲೆ ಉಳಿಸಬಲ್ಲದ್ದು ಬರವಣಿಗೆಯೇ. ನಮ್ಮ ಮತದ ಕಥೆಗಳಲ್ಲವೆಂದು ಕಥೋಲಿಕ ಮಕ್ಕಳು ಇವನ್ನು ಓದಬಾರದೆಂದು ತಿಳಿಯುವ ತಂದೆತಾಯಿಗಳು ಇದ್ದಾರೆ. ನೆರೆಮನೆಯವನ ನೆನಪನ್ನು ಅರಿಯದೆ ಅವನೊಡನೆ ಬಾಳುವುದು ಹೇಗೆ ಎಂದು ಅವರನ್ನೇ ಕೇಳಬೇಕಾಗಿದೆ.

ಹೆಣ್ಣುಮಕ್ಕಳ ಓದಿಗೆ ನಾವು ಸದಾ ಸೂಚಿಸುವ ಹೆಸರು ಯಳಂದೂರಿನ ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ರಾಣಿಯ ಎಲೆಯಡಿಕೆಯ ಸಂಚಿ ಹೊರುವ ಊಳಿಗದವಳು. ಅವಳು ಸಾಂಗತ್ಯದಲ್ಲಿ ರಚಿಸಿದ ‘ಹದಿಬದೆಯ ಧರ್ಮ’ ಪತಿವ್ರತೆಯ ನಡತೆಯನ್ನು ಬೋಧಿಸುವ ಕಾವ್ಯವಾದರೂ, ಗಂಡುಮಗುವಿನ ಮುಂದೆ ಹೆಣ್ಣುಮಗುವನ್ನು ಹೀಗಳೆಯುವವರನ್ನು ಅದು ನೇರವಾಗಿ ಪ್ರಶ್ನಿಸುತ್ತದೆ. ಮುನ್ನೂರು ವರ್ಷಗಳ ಹಿಂದೆ ಊಳಿಗದ ಹೆಂಗಸೊಬ್ಬಳು ಆಸ್ಥಾನಕ್ಕೆ ಓದಿ ಹೇಳಿದ ಮಾತು! ಅದೇ ಶತಮಾನದ ಷಡಕ್ಷರದೇವನೂ ಯಳಂದೂರಿನಲ್ಲಿದ್ದವನೇ. ಅವನ ಚಂಪೂ ಕಾವ್ಯ ಶಾಲೆಯ ಮಕ್ಕಳಿಗೆ ಎಟುಕದು. ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ಒಂದು ಶನಿವಾರ ನೋಡಿಬರುವುದು ಎಟುಕುತ್ತದೆ. ಕಲ್ಲಿನಲ್ಲಿ ಕಡೆದ ಬಳೆಗಳ ಸರಪಣಿಯನ್ನು ಕಂಡ ಮಗು ಮರುದಿನ ಪುಸ್ತಕ ಕೇಳದೆ ಬಿಡದು.

ಕಪಾಟಿನಲ್ಲಿ ಏನಿದೆಯೆಂಬುದು ಸಣ್ಣ ಸಂಗತಿಯಲ್ಲ. 1521ರಲ್ಲಿ ಕಾಲಿಗೆ ಗುಂಡು ತಗಲಿ ಲೊಯೊಲಾದ ತನ್ನ ಮನೆಯಲ್ಲಿ ಮಲಗಿದ್ದ ಇಗ್ನೇಷಿಯಸ್ ಎಂಬ ಸೈನಿಕ ಓದಲು ಕೇಳಿದ್ದು ವೀರರ ಶೃಂಗಾರ ಕಥೆಗಳನ್ನು. ಆ ಮನೆಯಲ್ಲಿ ಅವು ಇರಲಿಲ್ಲ. ಇದ್ದವು ಕ್ರಿಸ್ತಚರಿತ್ರೆ ಮತ್ತು ಸಂತರ ಚರಿತ್ರೆ. ಬೇಸರದಿಂದ ಅವನ್ನೇ ಓದಿದ. ಮುಂದಿನದು ಎಲ್ಲರಿಗೂ ತಿಳಿದದ್ದೇ.

ಕೊನೆಗೆ, ನದೀತೀರದ ಶಾಲೆಗಳಿಗೂ ಮನೆಗಳಿಗೂ ಉಪಯೋಗಕ್ಕೆ ಬರುವ ಒಂದೆರಡು ಮಾತು. ಮಳೆಗಾಲದಲ್ಲಿ ಪುಸ್ತಕಗಳನ್ನು ಗೋಡೆಗೆ ಒತ್ತಿ ಇಡಬಾರದು, ಕೆಳಗಿನ ಹಲಗೆಯನ್ನು ಖಾಲಿ ಬಿಡಬೇಕು. ಗೆದ್ದಲು, ಹುಳುಗಳಿಗೆ ನಮ್ಮ ಹಿರಿಯರು ತಾಳೆಗರಿಯ ಕಟ್ಟುಗಳಲ್ಲಿ ಇಡುತ್ತಿದ್ದ ಒಣಗಿದ ಬೇವಿನೆಲೆ, ಬಜೆಯ ತುಂಡು ಈಗಲೂ ನಡೆಯುತ್ತವೆ. ನೆನೆದ ಪುಸ್ತಕವನ್ನು ಬಿಸಿಲಿಗೆ ಒಡ್ಡಿದರೆ ಹಾಳೆ ಸುರುಟಿ ರಟ್ಟು ಬಿರಿಯುತ್ತದೆ. ಹಾಳೆಗಳ ನಡುವೆ ನೀರು ಹೀರುವ ಕಾಗದವಿಟ್ಟು ನೆರಳಿನಲ್ಲಿ, ಗಾಳಿಯಾಡುವೆಡೆಯಲ್ಲಿ ಆರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತಿಂಗಳಿಗೊಮ್ಮೆ ಕೈಗೆ ಬಂದು ಹಾಳೆ ತಿರುವಿಸಿಕೊಳ್ಳುವ ಪುಸ್ತಕಕ್ಕೆ ಹುಳು ಹಿಡಿಯುವುದು ಕಡಿಮೆ.

ಶಾಲೆಯ ಬೀಗ ತೆರೆಯದಿದ್ದಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಸೇರಿಸಿಕೊಳ್ಳುವ ಪ್ರಯತ್ನ ಆರಂಭವಾಯಿತು. ನಿಮ್ಮ ಮಗುವಿನ ಹೆಸರು ಅಲ್ಲಿ ದಾಖಲಾಗಿದೆಯೇ ಎಂದು ಈ ವಾರ ಒಮ್ಮೆ ವಿಚಾರಿಸಿರಿ. ಶಾಲೆಯ ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ ಪುಸ್ತಕ ಕೊಡುವ ರಿಜಿಸ್ಟರನ್ನೂ ನೋಡಬಯಸುತ್ತೇವೆ ಎಂದು ಮುಖ್ಯೋಪಾಧ್ಯಾಯರಲ್ಲಿ ವಿನಯದಿಂದ ಕೇಳಿರಿ. ಕಳೆದುಹೋದ ಪ್ರತಿಯ ಬೆಲೆಯನ್ನು ಪಾಲಕರೆಲ್ಲ ಸೇರಿ ಭರಿಸುತ್ತೇವೆಂದು ಬರೆದುಕೊಟ್ಟರೆ ಶಿಕ್ಷಕರ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ.